ಕಲ್ಲು ಹಾಕಿ ಎನ್ನುವವರು, ಅಳೆದು ನೋಡಿ ಎನ್ನುವವರು

ಮಳೆಗಾಲ ಶುರುವಾಗುವ ಹೊತ್ತಿಗೆ ಕರಾವಳಿಯ ಪೇಪರುಗಳಲ್ಲಿ ಪ್ರತಿ ವರ್ಷ ಎರಡು ಸುದ್ದಿ ಬರುತ್ತವೆ. ಉಳ್ಳಾಲದಲ್ಲೋ, ಸೋಮೇಶ್ವರ ಉಚ್ಚಿಲದಲ್ಲೋ, ಬಟ್ಟಪ್ಪಾಡಿಯಲ್ಲೋ, ಉಡುಪಿ ಕಡೆಯಾದರೆ ಪಡುಬಿದ್ರಿ, ಮರವಂತೆಯಲ್ಲೋ ಕಡಲ್ಕೊರೆತ ಆಗಿದೆ, ತೆಂಗಿನಮರಗಳು ಬಿದ್ದಿವೆ, ಮನೆಯ ಅಡಿಪಾಯ ಕಾಣುತ್ತಿದೆ, ತುರ್ತಾಗಿ ಕಲ್ಲು ಹಾಕಲು ಇಷ್ಟು ಹಣ ಎಂಬುದು ಒಂದು. ಕಲ್ಲು ಹಾಕುವುದು ಪರಿಹಾರವೇ ಅಲ್ಲ ಎಂದು ಯಾರೋ ತಜ್ಞರು ಹೇಳಿದ್ದಾರೆ ಎಂಬುದು ಇನ್ನೊಂದು.

ಎರಡನ್ನೂ ಓದಿದವರಿಗೆ ತಲೆ ಕೆಡುತ್ತದೆ. ಕಣ್ಣೆದುರು ಮನೆ ಕುಸಿಯುತ್ತಿರುವಾಗ ಕಲ್ಲು ಬೇಡ ಅಂದರೆ ಏನರ್ಥ? ಅದೇ ಹೊತ್ತಿಗೆ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಇಷ್ಟು ವರ್ಷ ಲಾರಿಗಟ್ಟಲೆ ಹಾಕಿದ ಕಲ್ಲೆಲ್ಲ ಎಲ್ಲಿ ಹೋಯಿತು?

ನನ್ನ ಪ್ರಕಾರ ಎರಡನೆಯದೇ ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವುದನ್ನೇ ಕಸುಬು ಮಾಡಿಕೊಂಡ ಒಂದು ಜಾತಿಯ ವಿಜ್ಞಾನಿಗಳಿದ್ದಾರೆ. ಕರಾವಳಿಯ ಅಲೆ, ಉಬ್ಬರ, ಪ್ರವಾಹ, ಮರಳಿನ ಓಡಾಟವನ್ನು ಅಳೆಯುವವರು. ಇಂಗ್ಲಿಷಿನಲ್ಲಿ ಫಿಸಿಕಲ್ ಓಷನೋಗ್ರಫರ್ ಎನ್ನುತ್ತಾರೆ. ಕಡಲ ವಿಜ್ಞಾನಿ ಅಂದ ಕೂಡಲೇ ನಮಗೆ ಮೀನು, ತಿಮಿಂಗಿಲ ನೆನಪಾಗುತ್ತದೆ ಅಲ್ವಾ? ಇವರಿಗೂ ಮೀನಿಗೂ ಹೆಚ್ಚು ಸಂಬಂಧ ಇಲ್ಲ. ಇವರದ್ದು ನೀರಿನ ಲೆಕ್ಕ, ಹೊಯಿಗೆಯ ಅಂದರೆ ಮರಳಿನ ಲೆಕ್ಕ.

ಹೊಯಿಗೆಯ ಜಮಾ-ಖರ್ಚು

ಕಡಲತೀರ ಎಂದರೆ ಒಂದು ಕಡೆ ಸುಮ್ನೆ ಬಿದ್ದಿರುವ ಮರಳಲ್ಲ. ಅಲ್ಲಿ ದಿನಾ ಜಮಾ ಇದೆ, ಖರ್ಚು ಇದೆ. ಘಟ್ಟದಿಂದ ಬರುವ ನೇತ್ರಾವತಿ, ಗುರುಪುರ, ಶಾಂಭವಿ, ಸೀತಾ, ಸ್ವರ್ಣಾ, ಸೌಪರ್ಣಿಕಾ ನದಿಗಳು ಮಳೆಗಾಲದಲ್ಲಿ ಮರಳು ತಂದು ಹಾಕುತ್ತವೆ. ಅದು ಜಮಾ. ಅಲೆಗಳು ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತವೆ. ಅದು ಒಬ್ಬರಿಗೆ ಖರ್ಚು, ಪಕ್ಕದವರಿಗೆ ಜಮಾ.

ಇದರಲ್ಲಿ ಎರಡು ಓಡಾಟ ಇವೆ. ಮೊದಲನೆಯದು ದಡದಿಂದ ಕಡಲಿಗೆ, ಕಡಲಿಂದ ದಡಕ್ಕೆ. ಜೂನ್-ಜುಲೈನ ದೊಡ್ಡ ಅಲೆಗಳು ದಡದ ಹೊಯಿಗೆಯನ್ನು ಕಿತ್ತು ಸ್ವಲ್ಪ ಆಚೆ ನೀರಿನೊಳಗೆ ದಿಣ್ಣೆ ಮಾಡಿ ಇಡುತ್ತವೆ. ಮಳೆ ನಿಂತ ಮೇಲೆ ಬರುವ ಸಣ್ಣ, ಸಾವಕಾಶದ ಅಲೆಗಳು ಅದನ್ನೇ ಮೆಲ್ಲನೆ ವಾಪಸ್ ತಂದು ಹಾಸುತ್ತವೆ. ಜುಲೈಯಲ್ಲಿ ಮಾಯವಾದ ಬೀಚು ಜನವರಿಯಲ್ಲಿ ಅಗಲವಾಗಿ ಕಾಣುವುದು ಇದರಿಂದಲೇ. ಇದು ನಷ್ಟ ಅಲ್ಲ, ಸಾಲ. ತೀರುತ್ತದೆ.

ಎರಡನೆಯದು ದಡದ ಉದ್ದಕ್ಕೂ ನಡೆಯುವ ಓಡಾಟ. ಅಲೆ ನೇರವಾಗಿ ಬಡಿಯದೆ ಓರೆಯಾಗಿ ಬಡಿದರೆ ಹೊಯಿಗೆಯ ಕಣ ಕೂಡ ಓರೆಯಾಗಿ ಮೇಲೇರಿ ನೇರ ಕೆಳಗಿಳಿಯುತ್ತದೆ. ಪ್ರತಿ ಅಲೆಗೂ ಒಂದೆರಡು ಹೆಜ್ಜೆ ಪಕ್ಕಕ್ಕೆ. ಅಲೆ ಬರುವ ದಿಕ್ಕು ಬದಲಾದಂತೆ ನಮ್ಮ ಕಡಲಲ್ಲಿ ಈ ನಡಿಗೆ ಒಂದು ಋತುವಿನಲ್ಲಿ ತೆಂಕಿಗೆ, ಇನ್ನೊಂದರಲ್ಲಿ ಬಡಗಿಗೆ. ಯಕ್ಷಗಾನಕ್ಕಷ್ಟೇ ಅಲ್ಲ, ಹೊಯಿಗೆಗೂ ಇಲ್ಲಿ ಎರಡು ತಿಟ್ಟು. ದಾರಿಯಲ್ಲಿ ಅಡ್ಡ ಏನೂ ಇಲ್ಲದಿದ್ದರೆ ಹೋದದ್ದು ಬಹಳಷ್ಟು ತಿರುಗಿ ಬರುತ್ತದೆ.

ತೊಂದರೆ ಆಗುವುದು ಮೂರು ಕಡೆ. ನದಿಯಿಂದ ಬರುವ ಜಮಾ ಕಡಿಮೆಯಾದರೆ, ಅಂದರೆ ಅಣೆಕಟ್ಟು ಕಟ್ಟಿದರೆ, ಮನೆ ಕಟ್ಟಲು ನದಿಯ ಮರಳು ತೆಗೆದರೆ. ದಡದ ಉದ್ದಕ್ಕೂ ನಡೆಯುವ ಹೊಯಿಗೆಗೆ ಯಾರಾದರೂ ಅಡ್ಡ ಕಟ್ಟಿದರೆ. ಮತ್ತೆ, ಮಳೆಗಾಲದಲ್ಲಿ ಹೋಗಿ ಬರುವ ಸಾಲದ ಜಾಗದ ಮೇಲೆಯೇ ಮನೆ, ರಸ್ತೆ ಬಂದು ಕೂತರೆ. ಕೊನೆಯದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಹಿಂದೆ ಕಡಲಿಗೂ ಮನೆಗೂ ನಡುವೆ ದಿಬ್ಬ, ಬಳ್ಳಿ, ದೋಣಿ ಎಳೆದಿಡುವ ಜಾಗ ಇತ್ತು. ಈಗ ಎಷ್ಟೋ ಕಡೆ ಕಾಂಪೌಂಡ್ ಗೋಡೆ ಇದೆ.

ಅಳಿವೆಬಾಗಿಲಿನ ಎರಡು ದಡ

ಅಡ್ಡ ಕಟ್ಟಿದರೆ ಏನಾಗುತ್ತದೆ ಎಂದು ನೋಡಲು ಮಂಗಳೂರಿನ ಅಳಿವೆಬಾಗಿಲಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ನೇತ್ರಾವತಿ ಮತ್ತು ಗುರುಪುರ ನದಿಗಳು ಇಲ್ಲಿ ಒಂದೇ ಬಾಗಿಲಿಂದ ಕಡಲಿಗೆ ಹೋಗುತ್ತವೆ. ತೆಂಕು ಬದಿಗೆ ಉಳ್ಳಾಲ, ಬಡಗು ಬದಿಗೆ ಬೆಂಗ್ರೆ. ಈ ಬಾಗಿಲು ಮೊದಲು ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಹೂಳು ತುಂಬುತ್ತಿತ್ತು, ಅಲೆ ಅಲ್ಲೇ ಒಡೆಯುತ್ತಿತ್ತು, ಬಂದರಕ್ಕೆ ಬರುವ ಬೋಟುಗಳಿಗೆ ಅಪಾಯ ಇತ್ತು. ಹಾಗಾಗಿ ಎರಡೂ ಬದಿಗೆ ಕಡಲಿಗೆ ಚಾಚಿದ, ಅಲೆ ತಡೆಯುವ ಕಲ್ಲಿನ ಗೋಡೆ, ಅಂದರೆ ಬ್ರೇಕ್‌ವಾಟರ್ ಕಟ್ಟಿದರು. ಬೋಟಿನವರ ಕಡೆಯಿಂದ ನೋಡಿದರೆ ಅದು ಸರಿಯಾದ ಬೇಡಿಕೆ. ಜೀವದ ಪ್ರಶ್ನೆ.

ಆದರೆ ಕಡಲಿಗೆ ಚಾಚಿದ ಕಲ್ಲಿನ ಕೈ ದೋಣಿಗೆ ದಾರಿ ಬಿಟ್ಟಂತೆ ಹೊಯಿಗೆಗೆ ದಾರಿ ಬಿಡುವುದಿಲ್ಲ. ಬೆಂಗ್ರೆಯ ಕಡೆ ಮರಳು ಕೂಡುತ್ತಾ ಬಂತು. ಉಳ್ಳಾಲದ ಕಡೆ ತಿನ್ನುತ್ತಾ ಬಂತು. ಒಂದೇ ಕಡಲು, ಒಂದೇ ಮಳೆಗಾಲ, ಒಂದೇ ಅಲೆ. ಒಂದು ದಡ ಬೆಳೆಯುತ್ತದೆ, ಇನ್ನೊಂದು ಕರಗುತ್ತದೆ. ಇದಕ್ಕೆ ಕಡಲಿನ ಕೋಪ ಕಾರಣ ಎಂದು ಹೇಳಿದರೆ ಬೆಂಗ್ರೆಯ ಮೇಲೆ ಅದಕ್ಕೆ ಯಾಕೆ ಪ್ರೀತಿ ಎಂದೂ ಹೇಳಬೇಕಾಗುತ್ತದೆ.

2010ರ ನಂತರ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಉಳ್ಳಾಲಕ್ಕೆ ಬೇರೆ ತರದ ಯೋಜನೆ ಬಂತು. ದಡಕ್ಕೆ ಗೋಡೆ ಕಟ್ಟುವ ಬದಲು ಸ್ವಲ್ಪ ಆಚೆ ನೀರಿನೊಳಗೆ ಮುಳುಗಿದ ದಿಬ್ಬ, ಅಂದರೆ ರೀಫ್ ಮಾಡುವುದು, ಜೊತೆಗೆ ಬ್ರೇಕ್‌ವಾಟರ್ ಸರಿಪಡಿಸುವುದು. ಅಲೆ ಆಚೆಯೇ ಒಡೆದು ಸುಸ್ತಾದರೆ ದಡಕ್ಕೆ ಬರುವಾಗ ಕಿತ್ತುಕೊಳ್ಳುವ ಶಕ್ತಿ ಇರುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕ. ಮರವಂತೆಯಲ್ಲಿ ದಡದಿಂದ ಕಡಲಿಗೆ ಚಾಚಿದ ಅಡ್ಡಗೋಡೆಗಳನ್ನು, ಅಂದರೆ ಗ್ರೋಯ್ನ್‌ಗಳನ್ನು ಕಟ್ಟಿದರು. ಅಲ್ಲಿ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಕಡಲು, ನಡುವೆ ರಾಷ್ಟ್ರೀಯ ಹೆದ್ದಾರಿ. ಹಿಂದೆ ಸರಿಯಲು ಜಾಗವೇ ಇಲ್ಲ. ಇಂಥ ಕಡೆ ಗಟ್ಟಿ ಕಟ್ಟಡ ಬೇಡ ಎಂದು ಯಾವ ವಿಜ್ಞಾನಿಯೂ ಹಟ ಹಿಡಿಯುವುದು ಕಷ್ಟ.

ಉಳ್ಳಾಲದಲ್ಲಿ ಕೆಲಸ ಆದ ಮೇಲೆ ಕೊರೆತ ತೆಂಕಿಗೆ, ಸೋಮೇಶ್ವರ-ಉಚ್ಚಿಲದ ಕಡೆ ಜಾಸ್ತಿಯಾಯಿತು ಎಂಬುದು ಅಲ್ಲಿನವರ ದೂರು. ದೂರಿನಲ್ಲಿ ಅರ್ಥ ಇದೆ. ಒಂದು ಊರಿನ ದಡವನ್ನು ಕಟ್ಟಿಹಾಕಿದರೆ ಅಲ್ಲಿಂದ ಮುಂದಿನ ಊರಿಗೆ ಹೋಗುತ್ತಿದ್ದ ಹೊಯಿಗೆಯೂ ಅಲ್ಲೇ ಕಟ್ಟಿಬೀಳುತ್ತದೆ.

ಕಲ್ಲು ಎಲ್ಲಿ ಹೋಯಿತು?

ಈಗ ಆ ಪ್ರಶ್ನೆಗೆ ಬರೋಣ. ಕಲ್ಲಿನ ತಡೆಗೋಡೆ ಹೇಗೆ ಸೋಲುತ್ತದೆ ಎಂಬುದನ್ನು ಸಾವಕಾಶವಾಗಿ ನೋಡಬೇಕು. ಗೊಂದಲ ಇರುವುದು ಇಲ್ಲೇ.

ಇಳಿಜಾರಿನ ಹೊಯಿಗೆಯ ಮೇಲೆ ಬಂದ ಅಲೆ ಒಡೆದು, ಮೇಲಕ್ಕೆ ಹರಿದು, ಒಂದಷ್ಟು ನೀರು ಮರಳಿನೊಳಗೇ ಇಂಗಿ, ಸುಸ್ತಾಗಿ ಹಿಂದೆ ಹೋಗುತ್ತದೆ. ಅದೇ ಅಲೆ ಕಡಿದಾದ ಕಲ್ಲಿಗೆ ಬಡಿದರೆ ಶಕ್ತಿಯ ದೊಡ್ಡ ಪಾಲನ್ನು ಇಟ್ಟುಕೊಂಡೇ ಹಿಂದೆ ಪುಟಿಯುತ್ತದೆ. ಹೋಗುವಾಗ ಗೋಡೆಯ ಬುಡದ ಹೊಯಿಗೆಯನ್ನು ಎಬ್ಬಿಸಿಕೊಂಡು ಹೋಗುತ್ತದೆ. ಬುಡ ಆಳವಾಗುತ್ತದೆ.

ಬುಡ ಆಳವಾದರೆ ಏನಾಯಿತು ಈಗ? ಅಲೆ ಎಷ್ಟು ಎತ್ತರ ಇದ್ದರೂ ನೀರಿನ ಆಳ ಕಡಿಮೆಯಾದ ಕಡೆ ಒಡೆದುಹೋಗುತ್ತದೆ. ಸರಿಸುಮಾರಾಗಿ ಆಳದ ಮುಕ್ಕಾಲು ಪಾಲು, ಹೆಚ್ಚೆಂದರೆ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟು ಎತ್ತರದವರೆಗಿನ ಅಲೆ ಮಾತ್ರ ಒಡೆಯದೆ ಮುಂದೆ ಬರಬಲ್ಲದು. ಗೋಡೆಯ ಬುಡದಲ್ಲಿ 2 ಮೀಟರ್ ನೀರಿದ್ದರೆ ಒಂದೂವರೆ ಮೀಟರಿನ ಅಲೆ ಗೋಡೆಗೆ ತಲುಪುತ್ತದೆ. ಬುಡ ಕೊರೆದು 3 ಮೀಟರ್ ಆದರೆ 2.3 ಮೀಟರಿನ ಅಲೆ ಬರುತ್ತದೆ. ಅಂದರೆ ಗೋಡೆ ತಾನೇ ತನಗೆ ದೊಡ್ಡ ಅಲೆಯನ್ನು ಕರೆಸಿಕೊಳ್ಳುತ್ತದೆ.

ಇನ್ನು ಕಲ್ಲಿನ ತೂಕ. ಅಮೆರಿಕದ ಸೇನೆಯ ಎಂಜಿನಿಯರ್ ಹಡ್ಸನ್ 1950ರ ದಶಕದಲ್ಲಿ ಕೊಟ್ಟ ಒಂದು ಸೂತ್ರವನ್ನು ಇವತ್ತಿಗೂ ಲೋಕದ ಎಲ್ಲ ಕಡೆ ಬಳಸುತ್ತಾರೆ. ಅದರ ಪ್ರಕಾರ ಅಲ್ಲಾಡದೆ ನಿಲ್ಲಲು ಬೇಕಾದ ಕಲ್ಲಿನ ತೂಕ ಅಲೆಯ ಎತ್ತರದ ಘನಕ್ಕೆ ತಕ್ಕಂತೆ ಏರುತ್ತದೆ. ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟು ಭಾರ ಇರಬೇಕು. ಮೇಲಿನ ಲೆಕ್ಕದಲ್ಲಿ ಅಲೆ ಒಂದೂವರೆ ಪಟ್ಟಾಯಿತು, ಹಾಗಾದರೆ ಮೂರು ಪಟ್ಟಿಗಿಂತಲೂ ಜಾಸ್ತಿ ತೂಕದ ಕಲ್ಲು ಬೇಕು. ಒಂದು ಟನ್ ಕಲ್ಲು ಸಾಕು ಎಂದು ಕಟ್ಟಿದ ಗೋಡೆಗೆ ಕೆಲವೇ ಮಳೆಗಾಲ ಕಳೆದ ಮೇಲೆ ಮೂರು ಟನ್ನಿನ ಕಲ್ಲು ಬೇಕಾಗುತ್ತದೆ. ಇರುವ ಕಲ್ಲು ಉರುಳುತ್ತದೆ, ಸಡಿಲವಾದ ಹೊಯಿಗೆಯಲ್ಲಿ ಮುಳುಗುತ್ತದೆ.

ಹಾಗಾಗಿ ಕಲ್ಲು ಎಲ್ಲೂ ಹೋಗಿಲ್ಲ. ಹೆಚ್ಚಿನದು ಅಲ್ಲೇ ಹೊಯಿಗೆಯೊಳಗೆ ಇದೆ. ಅದರ ಮೇಲೆ ಹೊಸ ಕಲ್ಲು, ಅದರ ಮೇಲೆ ಇನ್ನೊಂದು ಟೆಂಡರ್.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ತಡೆಗೋಡೆಯೂ ಒಂದೇ ಅಲ್ಲ. ಅಡಿಯಲ್ಲಿ ಹೊಯಿಗೆ ಸೋರದಂತೆ ಬಟ್ಟೆ ಹಾಸಿ, ಸಣ್ಣ ಕಲ್ಲಿನ ಪದರ, ಮೇಲೆ ದೊಡ್ಡ ಕಲ್ಲು, ಬುಡಕ್ಕೆ ಅಗಲವಾದ ಪಾದ, ಇಷ್ಟೆಲ್ಲ ಮಾಡಿದರೆ ಗೋಡೆ ಬಹಳ ವರ್ಷ ನಿಲ್ಲುತ್ತದೆ. ಜುಲೈಯಲ್ಲಿ ಮಂತ್ರಿ ಬಂದು ಹೋದ ಮರುದಿನ ಲಾರಿಯಿಂದ ಸುರಿದ ಕಲ್ಲಿಗೆ ಇದು ಯಾವುದೂ ಇರುವುದಿಲ್ಲ. ಎರಡಕ್ಕೂ ನಾವು ಕಲ್ಲು ಹಾಕುವುದು ಎಂದೇ ಕರೆಯುತ್ತೇವೆ. ಜಗಳದ ಅರ್ಧ ಈ ಮಾತಿನಿಂದಲೇ ಹುಟ್ಟಿದ್ದು.

ಗಾಳಿಯೇ ಇಲ್ಲ, ಅಲೆ ಎಲ್ಲಿಂದ ಬಂತು?

ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಸುದ್ದಿ ಗೊಂದಲ ಮಾಡುತ್ತಿದೆ. ಆಕಾಶ ತಿಳಿಯಾಗಿದೆ, ಎಲೆ ಅಲ್ಲಾಡುತ್ತಿಲ್ಲ. ಆದರೂ ಕಡಲಿಗೆ ಇಳಿಯಬೇಡಿ, ದೋಣಿಗಳನ್ನು ಮೇಲೆ ಎಳೆದಿಡಿ ಎಂದು ಎಚ್ಚರಿಕೆ ಬರುತ್ತದೆ. ಸುಮ್ನೆ ಹೆದರಿಸುತ್ತಾರೆ ಎಂದು ಜನ ನಗುತ್ತಾರೆ.

ಈ ಎಚ್ಚರಿಕೆ ಕೊಡುವುದು ಹೈದರಾಬಾದಿನ ಇನ್‌ಕಾಯಿಸ್. ಕೇಂದ್ರ ಸರಕಾರ 1999ರಲ್ಲಿ ಶುರು ಮಾಡಿದ ಸಂಸ್ಥೆ, ಸುನಾಮಿ ಎಚ್ಚರಿಕೆಯೂ ಇವರದ್ದೇ. 2024ರ ಮೇ ಮೊದಲ ವಾರದಲ್ಲಿ ಇವರು ಪಶ್ಚಿಮ ಕರಾವಳಿಗೆ ಕೊಟ್ಟ ಎಚ್ಚರಿಕೆಯ ಹಿಂದಿನ ಕಥೆ ಹೀಗಿತ್ತು: ಏಪ್ರಿಲ್ ಕೊನೆಗೆ, ನಮ್ಮಿಂದ ಸುಮಾರು 10,000 ಕಿಲೋಮೀಟರ್ ದೂರದಲ್ಲಿ, ದಕ್ಷಿಣ ಅಟ್ಲಾಂಟಿಕ್‌ನಿಂದ ಹಿಂದೂ ಮಹಾಸಾಗರದ ತೆಂಕು ತುದಿಗೆ ಸರಿದ ಒಂದು ವಾಯುಭಾರ ಕುಸಿತ 11 ಮೀಟರ್ ಎತ್ತರದ ಅಲೆ ಎಬ್ಬಿಸಿತ್ತು. ಆ ಅಲೆಗಳೇ ಸುಮಾರು ಒಂದು ವಾರ ನಡೆದು ನಮ್ಮ ಕಡಲಿಗೆ ಬಂದವು.

ನಂಬಲು ಕಷ್ಟ, ಆದರೆ ಲೆಕ್ಕ ಸುಲಭ. ಅಲ್ಲಿ ಹುಟ್ಟಿದ ಅಲೆಗಳಲ್ಲಿ ಒಂದು ಶಿಖರಕ್ಕೂ ಮುಂದಿನ ಶಿಖರಕ್ಕೂ 18-20 ಸೆಕೆಂಡ್ ಅಂತರ ಇರುವ ಉದ್ದದ ಅಲೆಗಳು ಆಳ ನೀರಿನಲ್ಲಿ ಶಕ್ತಿಯನ್ನು ಗಂಟೆಗೆ 50 ಕಿಲೋಮೀಟರಿನ ಆಸುಪಾಸಿನಲ್ಲಿ ಸಾಗಿಸುತ್ತವೆ. ಮಂಗಳೂರು-ಉಡುಪಿ ಬಸ್ಸಿನ ವೇಗ ಅನ್ನಿ. ನಿಲ್ಲದೆ ಓಡಿದರೆ 10,000 ಕಿಲೋಮೀಟರಿಗೆ ಏಳೆಂಟು ದಿನ. ದಾರಿಯಲ್ಲಿ ಎತ್ತರ ಕಡಿಮೆಯಾಗಿ ಇಲ್ಲಿಗೆ ಬರುವಾಗ ಒಂದೆರಡು ಮೀಟರ್ ಇದ್ದರೆ ಹೆಚ್ಚು. ಆದರೆ ಉದ್ದದ ಅಲೆಗೆ ನೀರು ಜಾಸ್ತಿ. ದಡಕ್ಕೆ ಬಂದಾಗ ಎತ್ತರ ಹೇಳುವುದಕ್ಕಿಂತ ಎಷ್ಟೋ ಮೇಲಕ್ಕೆ ನುಗ್ಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರದ ಹೊತ್ತಿಗೆ ಬಂದರೆ ಅಂಗಳದೊಳಗೆ ಬರುತ್ತದೆ.

ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಸುಳಿವು ಕೊಡದೆ ಬರುವ ಕಳ್ಳ ಕಡಲು. 2012ರಲ್ಲಿ ಯುನೆಸ್ಕೊ ಈ ಹೆಸರನ್ನೇ ಒಪ್ಪಿಕೊಂಡಿತು. ಮೀನುಗಾರರಿಗೆ ಕಡಲು ಕದಿಯುತ್ತದೆ ಎಂದು ಗೊತ್ತಿತ್ತು, ಎಲ್ಲಿಂದ ಬರುತ್ತದೆ ಎಂದು ಗೊತ್ತಿರಲಿಲ್ಲ. ದೂರದ ಬಿರುಗಾಳಿಯ ಅಲೆ ಸಾಗರ ದಾಟಿ ಬರುತ್ತದೆ ಎಂಬುದನ್ನು ಅಳೆದು ತೋರಿಸಿದವರಲ್ಲಿ ಅಮೆರಿಕದ ಕಡಲ ವಿಜ್ಞಾನಿ ವಾಲ್ಟರ್ ಮಂಕ್ ದೊಡ್ಡ ಹೆಸರು. 1963ರಲ್ಲಿ ಅವರ ತಂಡ ನ್ಯೂಜಿಲೆಂಡಿನಿಂದ ಅಲಾಸ್ಕದವರೆಗೆ ಪೆಸಿಫಿಕ್ ಉದ್ದಕ್ಕೂ ಅಳತೆಯ ಠಾಣೆ ಇಟ್ಟು, ಅಂಟಾರ್ಕ್ಟಿಕದ ಕಡೆ ಹುಟ್ಟಿದ ಅಲೆಯನ್ನು ಊರಿಂದ ಊರಿಗೆ ಹಿಂಬಾಲಿಸಿತು. ಅದೇ ಜ್ಞಾನ ಇವತ್ತು ಮಲ್ಪೆಯವರ ಮೊಬೈಲಿಗೆ ಮೆಸೇಜ್ ಆಗಿ ಬರುತ್ತದೆ.

ಅಳೆಯುವವರ ಕೆಲಸ ಹೇಗಿರುತ್ತದೆ?

ಈ ಕಸುಬಿಗೆ ಬರುವವರು ಹೆಚ್ಚಾಗಿ ಭೌತಶಾಸ್ತ್ರ, ಗಣಿತ ಅಥವಾ ಸಿವಿಲ್ ಎಂಜಿನಿಯರಿಂಗ್ ಓದಿದವರು. ನಮ್ಮ ಭಾಗದಲ್ಲಿ ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್ ವಿಭಾಗ ಇದೆ, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಇದೆ. ಕೊಚ್ಚಿಯ ಕುಸಾಟ್ ವಿಶ್ವವಿದ್ಯಾನಿಲಯದಲ್ಲಿ ಸಾಗರ ವಿಜ್ಞಾನದ ಎಂಎಸ್ಸಿ ಸಿಗುತ್ತದೆ. ಕೆಲಸ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ (ಎನ್‌ಐಒ), ಹೈದರಾಬಾದಿನ ಇನ್‌ಕಾಯಿಸ್, ಚೆನ್ನೈಯ ಕರಾವಳಿ ಸಂಶೋಧನಾ ಕೇಂದ್ರ, ಇಲ್ಲವೇ ಬಂದರುಗಳಿಗೆ ವರದಿ ಬರೆದುಕೊಡುವ ಖಾಸಗಿ ಕಂಪನಿ.

ಕೆಲಸದಲ್ಲಿ ಮಜಾ ಇದೆ, ಗೋಳೂ ಇದೆ. ಅಲೆ ಅಳೆಯಲು ಹಳದಿ ಚೆಂಡಿನಂಥ ತೇಲುವ ಯಂತ್ರವನ್ನು ಕಡಲಲ್ಲಿ ಲಂಗರು ಹಾಕಿ ಬಿಡುತ್ತಾರೆ. ಅದು ಅಲೆಯ ಜೊತೆ ಏರಿಳಿಯುತ್ತಾ ಲೆಕ್ಕ ಕಳಿಸುತ್ತದೆ. ಎನ್‌ಐಒದವರು ಹೊನ್ನಾವರ, ಮಲ್ಪೆ ಕಡೆ ಹೀಗೆ ಅಳೆದಿದ್ದಾರೆ. ಬಲೆ ಸಿಕ್ಕಿ ಹಗ್ಗ ತುಂಡಾದರೆ ಯಂತ್ರವೂ ಹೋಯಿತು, ಆ ಮಳೆಗಾಲದ ಲೆಕ್ಕವೂ ಹೋಯಿತು. ಅತಿ ಮುಖ್ಯವಾದ ಲೆಕ್ಕ ಬೇಕಾಗಿರುವುದು ಮಳೆಗಾಲದಲ್ಲೇ, ಕಡಲಿಗೆ ಹೋಗಲಾಗದ್ದೂ ಆಗಲೇ.

ಉಪಗ್ರಹ ಇದೆಯಲ್ಲ ಎನ್ನಬಹುದು. ಇದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಚೆಂದದ ಚಿತ್ರ ಸಿಗುವುದು ಜನವರಿ, ಫೆಬ್ರವರಿಯಲ್ಲಿ, ಬೀಚು ಅತಿ ಅಗಲ ಇರುವ ಹೊತ್ತಿಗೆ. ಹಳೆಯ ಲ್ಯಾಂಡ್‌ಸ್ಯಾಟ್ ಚಿತ್ರಗಳಲ್ಲಿ ಒಂದು ಚುಕ್ಕೆ ಅಂದರೆ 30 ಮೀಟರ್. ವರ್ಷಕ್ಕೆ ಎರಡು ಮೀಟರ್ ಹೋದರೆ ಅದರಲ್ಲಿ ಕಾಣಲು ಎಷ್ಟೋ ವರ್ಷ ಬೇಕು. ಕರ್ನಾಟಕದ ಕರಾವಳಿಯಲ್ಲಿ ಕಾಲು ಭಾಗದ ಹತ್ತಿರ ಕೊರೆಯುತ್ತಿದೆ, ಅರ್ಧದಷ್ಟು ಸ್ಥಿರ ಎಂದು 1990ರಿಂದೀಚಿನ ಚಿತ್ರಗಳನ್ನಿಟ್ಟು ಚೆನ್ನೈ ಕೇಂದ್ರ ಹೇಳಿದೆ. ದೊಡ್ಡ ಚಿತ್ರಕ್ಕೆ ಅದು ಸರಿ. ಉಚ್ಚಿಲದ ಒಂದು ಓಣಿಗೆ ಉತ್ತರ ಅದರಲ್ಲಿ ಸಿಗುವುದಿಲ್ಲ.

ಪ್ರಯೋಗಾಲಯದಲ್ಲಿ ಉದ್ದನೆಯ ತೊಟ್ಟಿಯಲ್ಲಿ ಅಲೆ ಎಬ್ಬಿಸಿ ಸಣ್ಣ ಗೋಡೆ ಕಟ್ಟಿ ನೋಡುತ್ತಾರೆ. ಕಲ್ಲನ್ನು ಸಣ್ಣದು ಮಾಡಬಹುದು, ಅಲೆಯನ್ನೂ ಮಾಡಬಹುದು. ಹೊಯಿಗೆಯನ್ನು ಅದೇ ಅಳತೆಯಲ್ಲಿ ಸಣ್ಣದು ಮಾಡಿದರೆ ಅದು ಕೆಸರಾಗಿಬಿಡುತ್ತದೆ, ಹೊಯಿಗೆಯಂತೆ ನಡೆಯುವುದಿಲ್ಲ. ಹಾಗಾಗಿ ಕೊನೆಗೆ ದಡಕ್ಕೇ ಹೋಗಿ, ಪ್ರತಿ ತಿಂಗಳು ಒಂದೇ ಗುರುತಿನಲ್ಲಿ ನಿಂತು, ಬೀಚಿನ ಏರಿಳಿತ ಬರೆದುಕೊಳ್ಳಬೇಕು. ಇದಕ್ಕೆ ದೊಡ್ಡ ಯಂತ್ರ ಬೇಡ, ಐದಾರು ವರ್ಷದ ತಾಳ್ಮೆ ಬೇಕು. ಮೂರು ವರ್ಷದ ಪ್ರಾಜೆಕ್ಟಿನಲ್ಲಿ ಆ ತಾಳ್ಮೆಗೆ ಹಣ ಇರುವುದಿಲ್ಲ.

ಯಾರಿಗೆ ಏನು ಬೇಕು

ದಡದ ಮನೆಯವರಿಗೆ ಈ ಜೂನ್ ದಾಟಬೇಕು. ಐದು ವರ್ಷ ಅಳೆಯೋಣ ಎಂದು ಅವರಿಗೆ ಹೇಳುವುದು ಕ್ರೂರವಾಗುತ್ತದೆ. ಬೋಟಿನವರಿಗೆ ಅಳಿವೆಯಲ್ಲಿ ಬ್ರೇಕ್‌ವಾಟರ್ ಬೇಕು, ಅದೂ ಇನ್ನಷ್ಟು ಉದ್ದ. ಕೈರಂಪಣಿಯವರಿಗೆ, ನಾಡದೋಣಿಯವರಿಗೆ ಬಲೆ ಎಳೆಯಲು, ದೋಣಿ ಏರಿಸಲು ಹೊಯಿಗೆಯೇ ಬೇಕು, ಕಲ್ಲಿನ ಗೋಡೆ ಬಂದರೆ ಅವರ ಕಸುಬೇ ಮುಗಿಯಿತು. ಮೀನುಗಾರರ ಬೇಡಿಕೆ ಎಂದು ಪೇಪರಿನಲ್ಲಿ ಬರುವುದು ಯಾರ ಬೇಡಿಕೆ ಎಂದು ಅದಕ್ಕೇ ಕೇಳಬೇಕಾಗುತ್ತದೆ. ಜನಪ್ರತಿನಿಧಿಗೆ ಕಣ್ಣಿಗೆ ಕಾಣುವ ಕೆಲಸ ಬೇಕು. ಕಲ್ಲು ಕಾಣುತ್ತದೆ, ಅಳತೆ ಕಾಣುವುದಿಲ್ಲ.

ವಿಜ್ಞಾನಿಗಳ ತಪ್ಪೂ ಇದೆ. ಬೇಡ ಎಂದು ಹೇಳಿ ಹೋಗುವವರು ಜಾಸ್ತಿ, ಹಾಗಾದರೆ ಈ ಮಳೆಗಾಲಕ್ಕೆ ಏನು ಎಂದು ಹೇಳುವವರು ಕಡಿಮೆ. ವರದಿಗಳು ಇಂಗ್ಲಿಷಿನಲ್ಲಿ ಇರುತ್ತವೆ, ಉಚ್ಚಿಲದವರ ಕೈಗೆ ಬರುವುದಿಲ್ಲ. ಬಂದರು ಕಟ್ಟುವವರೇ ಹಣ ಕೊಟ್ಟು ಬರೆಸಿದ ವರದಿಯನ್ನು ಊರಿನವರು ನಂಬದಿದ್ದರೆ ಅದನ್ನೂ ತಪ್ಪು ಎನ್ನಲಾಗದು.

ನನಗೆ ಕಾಣುವ ದಾರಿ ಇಷ್ಟು: ತುರ್ತು ಕಲ್ಲನ್ನು ತುರ್ತು ಕಲ್ಲು ಎಂದೇ ಕರೆದು ಹಾಕಲಿ, ಶಾಶ್ವತ ಪರಿಹಾರ ಎಂದು ಕರೆಯುವುದು ಬೇಡ. ಅದೇ ಟೆಂಡರಿನಲ್ಲಿ ಸಣ್ಣ ಪಾಲನ್ನು ಆ ದಡ ಮತ್ತು ಎರಡೂ ಪಕ್ಕದ ದಡಗಳನ್ನು ಅಳೆಯಲು ಇಡಲಿ.

ಮುಂದೆ ಏನಾಗಬಹುದು?

ಈಗಿನಂತೆಯೇ ನಡೆದರೆ ಗೋಡೆ ಗೋಡೆಯ ತುದಿಯಿಂದ ಮುಂದಕ್ಕೆ ಬೆಳೆಯುತ್ತದೆ. ಗೋಡೆ ಮುಗಿದ ಕಡೆ ಕೊರೆತ ಶುರುವಾಗುತ್ತದೆ, ಅಲ್ಲಿನವರು ಗೋಡೆ ಕೇಳುತ್ತಾರೆ, ಕೇಳುವುದು ನ್ಯಾಯವೇ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಜಾಗದ ಅಗಲವನ್ನು 200 ಮೀಟರಿನಿಂದ 50ಕ್ಕೆ ಇಳಿಸಲು ದಾರಿ ಮಾಡಿದೆ. ಅಂದರೆ ನಾಳೆ ರಕ್ಷಿಸಬೇಕಾದ ಮನೆಗಳು ಇನ್ನೂ ಹತ್ತಿರ ಬರುತ್ತವೆ. ಆ 50 ಮೀಟರ್ ಅಳೆಯುವುದು ಉಬ್ಬರದ ಗೆರೆಯಿಂದ. ಗೆರೆಯೇ ನಡೆಯುತ್ತಿದ್ದರೆ?

ಕಡಲಮಟ್ಟದ ಮಾತೂ ಬರುತ್ತದೆ. 2006ರಿಂದ 2018ರ ನಡುವೆ ಲೋಕದ ಸರಾಸರಿ ಏರಿಕೆ ವರ್ಷಕ್ಕೆ 3.7 ಮಿಲಿಮೀಟರ್ ಎಂದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ ಹೇಳಿದೆ. ಮಟ್ಟ ಎಷ್ಟು ಏರಿತೋ ಅದರ 50ರಿಂದ 100 ಪಟ್ಟು ಹೊಯಿಗೆಯ ದಡ ಹಿಂದೆ ಸರಿಯುತ್ತದೆ ಎಂಬುದು 1962ರಲ್ಲಿ ಕರಾವಳಿ ಎಂಜಿನಿಯರ್ ಪರ್ ಬ್ರೂನ್ ಕೊಟ್ಟ ಒರಟು ಲೆಕ್ಕ. ಹಾಗೆ ನೋಡಿದರೆ ವರ್ಷಕ್ಕೆ 20ರಿಂದ 40 ಸೆಂಟಿಮೀಟರ್. ಸಣ್ಣದಲ್ಲ, ಆದರೆ ಒಂದೇ ಮಳೆಗಾಲದಲ್ಲಿ ಮನೆಯೇ ಹೋಗುವುದಕ್ಕೆ ಇದು ಸಾಲದು. ಅಲ್ಲಿ ಹತ್ತಿರದ ಕಾರಣ ಹುಡುಕಬೇಕು. ಎಲ್ಲದಕ್ಕೂ ಹವಾಮಾನ ಬದಲಾವಣೆ ಎಂದುಬಿಟ್ಟರೆ ಬ್ರೇಕ್‌ವಾಟರಿಗೆ, ಮರಳು ತೆಗೆದವರಿಗೆ ಆರಾಮ.

ಇನ್ನೊಂದು ದಾರಿ ಹೊಯಿಗೆಗೆ ಹೊಯಿಗೆಯನ್ನೇ ಕೊಡುವುದು. ಪುದುಚೇರಿಯಲ್ಲಿ ಬಂದರಿನ ಬ್ರೇಕ್‌ವಾಟರ್ ಬಂದ ಮೇಲೆ ಪೇಟೆಯ ಬೀಚೇ ಹೋಗಿತ್ತು, ಕಲ್ಲು ಮಾತ್ರ ಉಳಿದಿತ್ತು. ನೀರೊಳಗೆ ರೀಫ್ ಇಟ್ಟು, ಮರಳು ತುಂಬಿಸಿ, 2018ರ ಹೊತ್ತಿಗೆ ಒಂದಷ್ಟು ಬೀಚು ವಾಪಸ್ ಬಂತು. ಆಸ್ಟ್ರೇಲಿಯದ ಟ್ವೀಡ್ ನದಿಯ ಬಾಯಲ್ಲಿ 2001ರಿಂದ ಪಂಪು ಇಟ್ಟು ಒಂದು ಬದಿಯಲ್ಲಿ ಕೂಡುವ ಮರಳನ್ನು ಇನ್ನೊಂದು ಬದಿಗೆ ದಾಟಿಸುತ್ತಾರೆ. ಬೆಂಗ್ರೆ-ಉಳ್ಳಾಲದ ಕಥೆಗೆ ಇದು ಹತ್ತಿರದ್ದೇ. ಆದರೆ ಒಮ್ಮೆ ಮಾಡಿ ಕೈಬಿಡುವ ಕೆಲಸ ಅಲ್ಲ, ವರ್ಷವರ್ಷದ ಖರ್ಚು. ಎಷ್ಟು ಮರಳು, ಯಾವ ದಿಕ್ಕಿಗೆ, ಯಾವ ತಿಂಗಳಲ್ಲಿ ಎಂದು ಗೊತ್ತಿಲ್ಲದೆ ಪಂಪು ಕೊಳ್ಳುವಂತಿಲ್ಲ.

ಈ ಮಳೆಗಾಲವೂ ಮುಗಿಯುತ್ತದೆ. ನವೆಂಬರಿನಲ್ಲಿ ಕಲ್ಲು ಹಾಕಿದ ಕಡೆ ಒಂದಿಷ್ಟು ಹೊಯಿಗೆ ಬಂದು ಕೂತಿರುತ್ತದೆ, ಕಾಮಗಾರಿ ಯಶಸ್ವಿ ಎಂದು ಫೋಟೋ ಸಮೇತ ಸುದ್ದಿ ಬರುತ್ತದೆ. ಅದು ಕಲ್ಲಿನಿಂದ ಬಂದದ್ದೋ, ಪ್ರತಿ ವರ್ಷದಂತೆ ತಾನಾಗಿ ಬಂದದ್ದೋ ಎಂದು ಹೇಳಬೇಕಾದರೆ ಕಲ್ಲು ಹಾಕದ ಪಕ್ಕದ ದಡವನ್ನು ಯಾರಾದರೂ ಜೂನ್‌ನಲ್ಲೇ ಅಳೆದಿಟ್ಟಿರಬೇಕು.